ಅಡಿವೆಪ್ಪನ ಕವಳಿ ಬೆಳೆ

ಹತ್ತಿರ ಸರಿದು ಕೂತ್ಕೊಳ್ರಿ ಮಕ್ಕಳೇ. ಕಲ್ಲುಗುಡ್ಡಗಳ ನಡುವೆ ಒಂದು ರಾಜ್ಯವಿತ್ತು. ಅಲ್ಲಿಯ ರಾಜನ ತೋಟಕ್ಕೆ ಅಡಿವೆಪ್ಪ ಅನ್ನೋನು ಮೇಲ್ವಿಚಾರಕ. ಅವನ ಪೇಟ ದೊಡ್ಡದು, ಮೀಸೆ ಅದಕ್ಕಿಂತ ದೊಡ್ಡದು, ತಿಳಿವಳಿಕೆ ಮಾತ್ರ ಅಷ್ಟಕ್ಕಷ್ಟೇ. ಇದು ನಾನು ಕಟ್ಟಿದ ಮಾತಲ್ಲ. ಮುದುಕನಾದ ಮೇಲೆ ಅವನೇ ಊರಿಗೆಲ್ಲ ಹೇಳಿಕೊಂಡು ನಗುತ್ತಿದ್ದ.

ಒಂದು ದಿನ ರಾಜ ಬೇಟೆಗೆ ಹೋದವನು ಗುಡ್ಡದ ಮೇಲೆ ಕವಳಿ ಹಣ್ಣು ತಿಂದ. ಮುಳ್ಳುಕಂಟಿಯಲ್ಲಿ ಬಿಡೋ, ಗೋಲಿಯಷ್ಟು ಗಾತ್ರದ ಹುಳಿಸಿಹಿ ಹಣ್ಣು. ಬಂದವನೇ ಕೇಳಿದ, "ಅಡಿವೆಪ್ಪ, ಇದು ನಮ್ಮ ತೋಟದಾಗ ಬೆಳೀತೈತೇನು?"

ಅಡಿವೆಪ್ಪ ಕವಳಿ ಗಿಡ ಕಂಡವನೇ ಅಲ್ಲ. ಆದರೂ ಮೀಸೆ ತಿರುವಿದ. "ಅದೇನು ಮಹಾ ದೊರಿ? ನಮ್ಮ ಮುತ್ತಜ್ಜನ ಕಾಲದಿಂದ ಅದೇ ನಮ್ಮ ಕಸುಬು."

ಆಳುಗಳು ಗುಡ್ಡದಿಂದ ಗಿಡ ತಂದು ನೆಟ್ಟರು. ಮೊದಲನೇ ವರ್ಷ, ದೊರೆಯ ಕೈಗೆ ಚುಚ್ಚಬಾರದು ಅಂತ ಅಡಿವೆಪ್ಪ ಮುಳ್ಳಿನ ಜೊತೆ ಕುಡಿಗಳನ್ನೂ ಕತ್ತರಿಸಿಹಾಕಿಸಿದ. ಕವಳಿ ಹೂ ಬಿಡೋದೇ ಕುಡಿಯಲ್ಲಿ. ಒಂದು ಹೂವೂ ಬರಲಿಲ್ಲ. "ಮಣ್ಣು ಸರಿಯಿಲ್ಲ ದೊರಿ," ಅಂದ.

ಎರಡನೇ ವರ್ಷ ದಿನಕ್ಕೆ ಮೂರು ಹೊತ್ತು ನೀರು ಹೊಯ್ಸಿದ. ಕಲ್ಲುನೆಲದ ಗಿಡ ಅಷ್ಟು ನೀರು ತಡೀತದಾ? ಬೇರು ಕೊಳೆತು ಅರ್ಧ ಗಿಡ ಸತ್ತವು. "ಗಾಳಿ ಸರಿಯಿಲ್ಲ ದೊರಿ," ಅಂದ.

ಮೂರನೇ ವರ್ಷ ಉಳಿದ ಗಿಡಗಳು ಹೇಗೋ ಕಾಯಿ ಹಿಡಿದವು. ಅಡಿವೆಪ್ಪ ಹಸಿರು ಕಾಯಿಗಳನ್ನೇ ಕೀಳಿಸಿ, ಮಾವಿನಕಾಯಿಯ ಹಾಗೆ ಹುಲ್ಲಿನಲ್ಲಿ ಹಣ್ಣಿಗೆ ಹಾಕಿದ. ವಾರ ಬಿಟ್ಟು ನೋಡಿದರೆ ಎಲ್ಲ ಸುಕ್ಕುಗಟ್ಟಿ ಒಣಗಿದ್ದವು. ಮಣ್ಣಿನ ಮೇಲೆ ಹೇಳಿ ಆಗಿತ್ತು, ಗಾಳಿಯ ಮೇಲೆ ಹೇಳಿ ಆಗಿತ್ತು. ಅಷ್ಟರಲ್ಲಿ ಬೇಲಿಯಾಚೆ ಗುಡ್ಡದ ನೀಲವ್ವ ಆಡು ಹೊಡಕೊಂಡು ಹೋಗೋದು ಕಂಡಿತು.

"ನೀಲವ್ವನ ಆಡು ಹಣ್ಣೆಲ್ಲ ತಿಂದುಬಿಟ್ಟವು ದೊರಿ," ಅಂದ.

ರಾಜ ಸಿಟ್ಟಾಗಿ ಅವಳ ಹನ್ನೆರಡು ಆಡುಗಳನ್ನೂ ಹಿಡಿದು ತರಿಸಿದ. ಅವಳ ಮನೆ ನಡೆಯುತ್ತಿದ್ದುದೇ ಆ ಆಡುಗಳ ಹಾಲಿನಿಂದ. ಮಾರನೇ ದಿನ ಅವಳು ಬುಟ್ಟಿ ಹೊತ್ತು ಆಸ್ಥಾನಕ್ಕೆ ಬಂದಳು.

"ತಪ್ಪಿದ್ರ ಆಡು ನಿಮಗೇ ಇರ್ಲಿ ದೊರಿ," ಅಂದಳು ನೀಲವ್ವ. "ಬುಟ್ಟಿಯಾಗ ಗುಡ್ಡದ ಕವಳಿ ಐತಿ. ಮುತ್ತಜ್ಜನ ಕಾಲದಿಂದ ಇದನ್ನ ಬೆಳೆದೇವಿ ಅನ್ನೋ ನಿಮ್ಮ ಮೇಲ್ವಿಚಾರಕರು ಚಲೋ ಹಣ್ಣು ಆರಿಸಿ ತಿಂದು ತೋರಿಸ್ಲಿ."

ಬುಟ್ಟಿಯಲ್ಲಿ ಕೆಂಪಗೆ ಮಿರಮಿರ ಮಿಂಚೋವು ಒಂದಿಷ್ಟು, ಕರ್ರಗೆ ಮೆತ್ತಗಾದವು ಒಂದಿಷ್ಟು. ಕಪ್ಪಿನವು ಕೆಟ್ಟಿರಬೇಕು ಅಂದುಕೊಂಡ ಅಡಿವೆಪ್ಪ. ಕೆಂಪಿನವನ್ನು ಮುಷ್ಟಿ ತುಂಬ ಬಾಯಿಗೆ ಹಾಕಿಕೊಂಡ. ಹುಳಿಗೆ ಕಣ್ಣಲ್ಲಿ ನೀರು ಬಂತು. ಕಾಯಿಯ ಹಾಲು ಅಂಟಿನ ಹಾಗೆ ತುಟಿಗೆ ಮೆತ್ತಿಕೊಂಡು ಮೀಸೆಗೂ ಹತ್ತಿತು. ಮಾತಾಡಲು ಹೋದರೆ "ಮ್ಮ್" ಅಂತಷ್ಟೇ ಬಂತು.

ಕವಳಿ ಕೆಂಪಗಿದ್ದರೆ ಇನ್ನೂ ಕಾಯಿ, ಕಪ್ಪಾದರೇ ಹಣ್ಣು. ಗುಡ್ಡದಲ್ಲಿ ಹಣ್ಣು ತಿಂದಿದ್ದ ರಾಜನಿಗೆ ಎಲ್ಲ ಅರ್ಥವಾಯಿತು. ಕಪ್ಪು ಹಣ್ಣೊಂದನ್ನು ಆರಿಸಿ ಬಾಯಿಗೆ ಹಾಕಿಕೊಂಡ.

ಅಡಿವೆಪ್ಪ ಎಣ್ಣೆ ಹಚ್ಚಿ ತುಟಿ ಬಿಡಿಸಿಕೊಂಡ. ಇನ್ನೊಂದು ಸುಳ್ಳಿಗೆ ನಾಲಿಗೆ ಏಳಲಿಲ್ಲ. "ದೊರಿ, ನಿಮ್ಮ ತೋಟ ಹಾಳು ಮಾಡಿದ್ದು ಆಡಲ್ಲ, ಕತ್ತೆ. ಅದು ಪೇಟ ಸುತ್ತಿಕೊಂಡು ನಿಮ್ಮ ಮುಂದೇ ನಿಂತೈತಿ."

ಆಸ್ಥಾನವೆಲ್ಲ ನಕ್ಕಿತು. ಆಡುಗಳು ಮನೆಗೆ ಹೋದವು. ತೋಟ ನೀಲವ್ವನ ಕೈಗೆ ಬಂತು. ಅಡಿವೆಪ್ಪ ಅವಳ ಕೈಕೆಳಗಿನ ಆಳಾದ.

"ಯವ್ವಾ, ನೀರು ಎಷ್ಟು ಹಾಕ್ಲಿ?" ಅಂತ ಕೇಳಿದ. ಕುಡಿ ಮುಟ್ಟದೆ ಬಿಟ್ಟ. ಕಾಯಿ ಕಪ್ಪಾಗೋ ತನಕ ಕಾದ. ಕೀಳೋ ಹೊತ್ತಿಗೆ ಕೈಯೆಲ್ಲ ಬೆಕ್ಕಿನ ಜೊತೆ ಜಗಳ ಆಡಿದವನ ಹಾಗೆ ಗೀಚಿಹೋಗಿತ್ತು, ಅರ್ಧ ಹಣ್ಣು ಹಕ್ಕಿಗಳ ಪಾಲಾಗಿತ್ತು. ಆದರೂ ಎರಡು ಬುಟ್ಟಿ ಹಣ್ಣು ಸಿಕ್ಕವು. ಮೊದಲ ಹಣ್ಣು ಅವನೇ ನೀಲವ್ವನ ಕೈಗಿಟ್ಟ.

ನೋಡಿದ್ರಾ ಮಕ್ಕಳೇ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನೋದಕ್ಕೆ ನಾಚಬಾರದು. ನಮ್ಮ ತಪ್ಪನ್ನ ಬಡವರ ತಲೆಗೆ ಕಟ್ಟೋದಕ್ಕೆ ಮಾತ್ರ ನಾಚಬೇಕು.