ಶನಿವಾರದ ಸರದಿ

ನದಿ ದಂಡೆಯ ಊರೊಂದರಲ್ಲಿ ಪಾಲಾಕ್ಷಪ್ಪ ಮೇಷ್ಟ್ರು ಒಂದು ಕಂಪ್ಯೂಟರ್ ಕ್ಲಬ್ ಕಟ್ಟಿದ್ದರು. ಪ್ರತಿ ಶನಿವಾರ ಸಂಜೆ ಸದಸ್ಯರಲ್ಲೇ ಒಬ್ಬರು ಎದ್ದು ನಿಂತು ತಮಗೆ ತಿಳಿದ ವಿಷಯ ಹೇಳಬೇಕು, ಉಳಿದವರು ಕೇಳಬೇಕು. ಯಾವ ವಾರ ಯಾರ ಸರದಿ ಎಂದು ಗೊತ್ತುಮಾಡುತ್ತಿದ್ದವನು ಶಿಷ್ಯ ಕೊಟ್ರೇಶ.

ಮೇಷ್ಟ್ರ ಗಂಟಲಿಗೆ ಕ್ಯಾನ್ಸರ್ ಬಂತು. ಧ್ವನಿಪೆಟ್ಟಿಗೆ ತೆಗೆಯಲೇಬೇಕು, ಆಮೇಲೆ ಮಾತು ಬರುವುದಿಲ್ಲ ಎಂದರು ಡಾಕ್ಟರು. ಸೋಮವಾರ ಆಪರೇಷನ್ ಎಂದಾಯಿತು.

ಶುಕ್ರವಾರ ಕೊಟ್ರೇಶ ಅವರನ್ನು ಹುಡುಕಿಕೊಂಡು ಹೊಳೆಗೆ ಹೋದ. ಮೇಷ್ಟ್ರು ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಮೆಟ್ಟಿಲ ಮೇಲೆ ಕೂತಿದ್ದರು.

"ನಾಳೆ ನೀವೇ ಮಾತಾಡಬೇಕು ಸರ್."

"ನಾಳೆ ಸರದಿ ಯಾರದು?"

"ದೇವೀರಮ್ಮನೋರದು. ಕೋರ್ಟಲ್ಲಿ ಟೈಪಿಸ್ಟ್ ಇದ್ದಾರಲ್ಲ, ಅವರು. ಮೊದಲನೇ ಸಲ. ಮುಂದಿನ ವಾರ ಕೊಟ್ಟರಾಯ್ತು ಬಿಡಿ."

"ತಯಾರಾಗಿದ್ದಾರಾ?"

"ತಿಂಗಳಿಂದ ಹೆದರ್ಕೊಂಡೇ ಇದ್ದಾರೆ."

ಕೊಟ್ರೇಶ ಒಂದು ಮೆಟ್ಟಿಲು ಕೆಳಗಿಳಿದು ಅವರೆದುರು ನಿಂತ.

"ಅವರಿಗೆ ಇನ್ನೂ ಎಷ್ಟೋ ಶನಿವಾರ ಇವೆ ಸರ್. ನಿಮಗೆ ಇದೊಂದೇ."

ಆಡಿದ ಮೇಲೆ ಕೊಟ್ರೇಶ ನಾಲಿಗೆ ಕಚ್ಚಿಕೊಂಡ.

"ಹೌದು," ಎಂದರು ಮೇಷ್ಟ್ರು. "ಇದೊಂದೇ."

ಕೊಟ್ರೇಶ ಅದನ್ನು ಒಪ್ಪಿಗೆ ಎಂದುಕೊಂಡ. ಕ್ಲಬ್ಬಿಗೆ ಹೋಗಿ ಹಲಗೆಯ ಮೇಲಿದ್ದ ದೇವೀರಮ್ಮನ ಹೆಸರು ಒರೆಸಿ ಮೇಷ್ಟ್ರ ಹೆಸರು ಬರೆದ. ಎಲ್ಲರಿಗೂ ಫೋನ್ ಮಾಡಿದ.

ಶನಿವಾರ, ಕ್ಲಬ್ ಬಿಟ್ಟುಹೋಗಿದ್ದ ಹಳಬರೂ ಬಂದರು. ಕೂರಲು ಜಾಗ ಸಾಲಲಿಲ್ಲ. ದೇವೀರಮ್ಮ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದರು.

ಮೇಷ್ಟ್ರು ಬಂದರು. ಹಲಗೆ ನೋಡಿದರು. ಮಫ್ಲರ್ ಬಿಚ್ಚಿ ಅದರಿಂದಲೇ ತಮ್ಮ ಹೆಸರು ಒರೆಸಿದರು. ಗಂಟಲಿನ ಗಂಟು ಎಲ್ಲರಿಗೂ ಕಾಣಿಸಿತು.

ಸೀಮೆಸುಣ್ಣವನ್ನು ಶಿಷ್ಯನ ಕೈಗಿಟ್ಟರು.

"ಸರ್, ಇವರೆಲ್ಲ ನಿಮ್ಮ ಮಾತು ಕೇಳೋಕೆ ಬಂದಿದ್ದಾರೆ."

"ಬಂದಿದ್ದಾರಲ್ಲ. ಕೇಳಲಿ."

ಕೊಟ್ರೇಶ ದೇವೀರಮ್ಮನ ಹೆಸರು ಬರೆದ. ಮೇಷ್ಟ್ರು ಮುಂದಿನ ಬೆಂಚಿನಲ್ಲಿ ಕೂತರು.

ಕನ್ನಡದ ಹೆಸರುಗಳನ್ನು ಕಂಪ್ಯೂಟರಿನಲ್ಲಿ ಅಕಾರಾದಿಯಾಗಿ ಜೋಡಿಸುವುದು ಹೇಗೆ ಎಂಬುದು ದೇವೀರಮ್ಮನ ವಿಷಯ. ಅದನ್ನು ಅವರಿಗೆ ಕಲಿಸಿದವರೇ ಮೇಷ್ಟ್ರು.

"ನಮ್ಮ ವರ್ಣಮಾಲೆಯಲ್ಲಿ ಳ ಕೊನೆಗೆ ಬರುತ್ತೆ. ಕಂಪ್ಯೂಟರು ಅದನ್ನ ಲ ಪಕ್ಕದಲ್ಲೇ ಇಟ್ಟುಬಿಡುತ್ತೆ. ಅದಕ್ಕೆ ನಾವು..."

ಮುಂದಿನದು ಮರೆತುಹೋಯಿತು. ಮತ್ತೆ ಮೊದಲಿಂದ ಹೇಳಿದರು. ಮತ್ತೆ ಅಲ್ಲೇ ನಿಂತರು. ಯಾರೋ ಎದ್ದು ಹೊರಗೆ ಹೋದರು.

"ಮೇಷ್ಟ್ರು ಎರಡು ಮಾತು ಹೇಳಲಿ," ಎಂದರು ಹಿಂದಿನಿಂದ ಒಬ್ಬರು. ಇನ್ನೂ ಕೆಲವರು ದನಿಗೂಡಿಸಿದರು.

ದೇವೀರಮ್ಮ ಸೀಮೆಸುಣ್ಣ ಕೆಳಗಿಟ್ಟರು.

ಆಗ ಮೇಷ್ಟ್ರು ಕೈ ಎತ್ತಿದರು. ಸದ್ದಡಗಿತು. ಕೊಟ್ರೇಶ ಅವಸರದಲ್ಲಿ ಫೋನ್ ತೆಗೆದು ರೆಕಾರ್ಡಿಂಗ್ ಒತ್ತಿದ.

ಮೇಷ್ಟ್ರು ಕೂತಲ್ಲಿಂದಲೇ ದೇವೀರಮ್ಮನನ್ನು ಒಂದು ಮಾತು ಕೇಳಿದರು. ದೇವೀರಮ್ಮ ಅವರ ಮುಖ ನೋಡಿದರು. ಆಮೇಲೆ ಸೀಮೆಸುಣ್ಣ ಎತ್ತಿಕೊಂಡರು. ಅವರು ಮುಗಿಸುವ ತನಕ ಯಾರೂ ಏಳಲಿಲ್ಲ.

ಸೋಮವಾರ ಆಪರೇಷನ್ ಆಯಿತು. ಮೇಷ್ಟ್ರು ಆಸ್ಪತ್ರೆಯಿಂದ ಜೀವಂತ ಮರಳಲಿಲ್ಲ.

ಕೊಟ್ರೇಶನ ಹತ್ತಿರ ಅವರ ದನಿ ಉಳಿದಿರುವುದು ಆ ಒಂದು ರೆಕಾರ್ಡಿಂಗಿನಲ್ಲಿ. ಮೊದಲು ಬೆಂಚು ಸರಿದ ಸದ್ದು. ಒಂದು ಕೆಮ್ಮು. ಆಮೇಲೆ ಒಡಕು ದನಿಯಲ್ಲಿ ಮೇಷ್ಟ್ರು:

"ದೇವೀರಮ್ಮನೋರೇ, ಆ ಳ ವಿಷಯ ನನಗೆ ಸರಿಯಾಗಿ ತಿಳೀಲಿಲ್ಲ. ಇನ್ನೊಂದು ಸಲ ಹೇಳ್ತೀರಾ?"