ಬೆಳವಕ್ಕನ ತೂಗುಗೂಡು

ಒಂದು ಕಾಡಿನಲ್ಲಿ ಗೂಡು ಕಟ್ಟಲು ಬಾರದ ಹಕ್ಕಿಗಳೇ ಹೆಚ್ಚಾಗಿದ್ದವು. ಅವಕ್ಕೆ ಹಾಡಲು ಬರುತ್ತಿತ್ತು, ಹಾರಲು ಬರುತ್ತಿತ್ತು, ಜಗಳವಂತೂ ಬಹಳ ಚೆನ್ನಾಗಿ ಬರುತ್ತಿತ್ತು. ಗೂಡು ಮಾತ್ರ ಬರುತ್ತಿರಲಿಲ್ಲ. ಅಂಥವರಿಗೆ ಗೂಡು ಕಟ್ಟಿಕೊಡಲು ಕಾಗೆ ಜಾತಿಯ ಠೀವಯ್ಯ ಎಂಬ ಮಟಪಕ್ಷಿ ಒಂದು ಹೊಂಗೆ ಮರದಲ್ಲಿ ಕಾರ್ಖಾನೆ ಇಟ್ಟಿದ್ದ. ಅವನ ಬಾಲ ಎಷ್ಟು ಉದ್ದವೋ ಮಾತೂ ಅಷ್ಟೇ ಉದ್ದ. "ನನ್ನ ಗೂಡಿನಂಥ ಗೂಡು ಇನ್ನೆಲ್ಲೂ ಇಲ್ಲ" ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಅದು ಶುದ್ಧ ಸುಳ್ಳು. ಅವನ ಗೂಡಿನಂಥ ಗೂಡು ಎಲ್ಲೋ ಒಂದು ಕಡೆ ಇದ್ದೇ ಇರುತ್ತಿತ್ತು. ಅಲ್ಲಿಂದಲೇ ಅವನು ನೋಡಿಕೊಂಡು ಬಂದಿರುತ್ತಿದ್ದ.

ಈ ಠೀವಯ್ಯನ ಬಳಿಗೆ ಸೂಜಿ ಎಂಬ ಪುಟ್ಟ ಹಕ್ಕಿ ಕೆಲಸ ಕಲಿಯಲು ಬಂದಳು. ಎಲೆಗೆ ಎಲೆ ಸೇರಿಸಿ ಹೊಲಿಯುವ ಜಾತಿ ಅವಳದು. ಆಲದ ಮರದ ಶಾಲೆಯಲ್ಲಿ ಗೂಡಿನ ವಿದ್ಯೆ ಓದುತ್ತಿದ್ದಳು. ಆ ಶಾಲೆಯಲ್ಲಿ ಒಂದು ನಿಯಮವಿತ್ತು. ಪಾಠ ಮುಗಿದ ಮೇಲೆ ಪ್ರತಿ ಮರಿಯೂ ಕೆಲಸ ಬಲ್ಲ ಒಬ್ಬ ಹಿರಿಯನ ಜೊತೆ ಮೂರು ತಿಂಗಳು ಇರಬೇಕು. ಅವನು ಮೆಚ್ಚಿ ತನ್ನ ಬಾಲದಿಂದ ಒಂದು ಗರಿ ಕೊಡಬೇಕು. ಆ ಗರಿ ತಂದವರಿಗೇ ಗೂಡು ಕಟ್ಟುವ ಅಪ್ಪಣೆ. ತರದವರು ಬೇರೆ ಕೆಲಸ ನೋಡಿಕೊಳ್ಳಬೇಕು.

ಸೂಜಿಗೆ ಗೂಡು ಬಿಟ್ಟರೆ ಬೇರೆ ಪ್ರಪಂಚವೇ ಇರಲಿಲ್ಲ. ಮರಳು ಕಂಡರೆ ಸಾಕು, ಕಾಲುಗುರಿನಿಂದ ಗೂಡಿನ ಚಿತ್ರ ಬರೆಯುತ್ತಿದ್ದಳು. ಠೀವಯ್ಯ ಅದನ್ನು ನೋಡುತ್ತಿದ್ದ. ಮಾರನೆಯ ದಿನ ಬಂದವರಿಗೆ ಅದೇ ಚಿತ್ರ ತೋರಿಸಿ, "ರಾತ್ರಿಯೆಲ್ಲ ಕೂತು ಯೋಚನೆ ಮಾಡಿದೆ ನೋಡಿ" ಎನ್ನುತ್ತಿದ್ದ. ಸೂಜಿ ನಾರು ಎಳೆಯುತ್ತಾ ಸುಮ್ಮನಿರುತ್ತಿದ್ದಳು. ಕಲಿಯಲು ಬಂದವರು ಸುಮ್ಮನಿರಬೇಕು ಎಂದು ಯಾರೋ ಅವಳಿಗೆ ಹೇಳಿದ್ದರು. ಯಾರು ಹೇಳಿದರೋ, ಅವರ ಬಾಯಿಗೆ ಮಣ್ಣು ಹಾಕ!

ಒಂದು ದಿನ ಬೆಳವಕ್ಕ ಬಂದಳು. ಪಾರಿವಾಳದ ಜಾತಿಯ ಈ ಬೆಳವಗಳ ಸ್ವಭಾವ ನಿಮಗೆ ಗೊತ್ತಲ್ಲ, ಬಲು ಸಾಧು. ಕೆಳಗಿನ ಕೊಂಬೆಯಲ್ಲಿ ಕುಳಿತು ಮೆಲ್ಲಗೆ ಹೇಳಿದಳು.

"ಅಣ್ಣಾ, ಎರಡು ಸಲ ಮೊಟ್ಟೆ ಇಟ್ಟೆ. ಒಂದು ಸಲ ಹಾವು ಬಂತು. ಇನ್ನೊಂದು ಸಲ ನನ್ನ ಗೂಡೇ ಸೋರಿಹೋಯ್ತು. ನನ್ನ ಕೈಯಲ್ಲಿ ಆಗೋದು ಅಷ್ಟೇ. ಹೊಳೆ ದಡದ ಈಚಲ ಮರದಲ್ಲಿ ಗೀಜಗದವರು ತೂಗುಗೂಡು ಕಟ್ತಾರಲ್ಲ, ಅಂಥದ್ದು ಒಂದು ಬೇಕಿತ್ತು. ಹಾವು ಹತ್ತಬಾರದು, ಮಳೆ ನುಗ್ಗಬಾರದು."

"ಅಷ್ಟೇ ತಾನೆ?" ಠೀವಯ್ಯ ಬಾಲ ಕುಣಿಸಿದ. "ಅವರ ಗೂಡಿಗಿಂತ ಒಂದು ಕೈ ಮೇಲಾಗಿರೋದನ್ನೇ ಕೊಡ್ತೀನಿ. ಯಾವತ್ತು ಬೇಕು?"

"ಇನ್ನು ಎಂಟು ದಿನಕ್ಕೆ ಮೊಟ್ಟೆ ಇಡ್ತೀನಿ ಅಣ್ಣಾ. ಈ ಸಲವೂ ಹೋದರೆ ನನಗೆ ಇನ್ನು ಧೈರ್ಯ ಇಲ್ಲ."

"ಏಳು ದಿನಕ್ಕೇ ಕೊಡ್ತೀನಿ, ಹೋಗಮ್ಮ."

ಬೆಳವಕ್ಕ ಹೋದ ಮೇಲೆ ಠೀವಯ್ಯ ಸೂಜಿಯನ್ನು ಕರೆದ. "ನಾಳೆ ಹೊಳೆ ಹತ್ರ ಹೋಗು. ಆ ಗೂಡು ಹೆಂಗಿದೆ ಅಂತ ಸರಿಯಾಗಿ ನೋಡಿ ಬಾ. ಯಾರಾದ್ರೂ ಕೇಳಿದ್ರೆ ನೀರು ಕುಡಿಯೋಕೆ ಬಂದೆ ಅನ್ನು."

"ಯಜಮಾನ್ರೇ, ಅವರನ್ನೇ ಕೇಳಬಹುದಲ್ಲ?"

"ಕೇಳೋದಾ? ಕೇಳಿದ್ರೆ ಹೊಂಗೆ ಮರದೋರಿಗೆ ಗೂಡು ಗೊತ್ತಿಲ್ಲ ಅಂತ ಊರೆಲ್ಲ ಸಾರ್ತಾರೆ. ನಿನಗೆ ಗರಿ ಬೇಕೋ ಬೇಡವೋ?"

ಸೂಜಿಗೆ ಗರಿ ಬೇಕಾಗಿತ್ತು. ಹೋದಳು.

ಹೊಳೆ ದಡದಲ್ಲಿ ಈಚಲ ಮರದ ತುಂಬ ಗೂಡುಗಳು ತೂಗುತ್ತಿದ್ದವು. ಅಲ್ಲಿ ನಾರಜ್ಜ ಎಂಬ ಮುದಿ ಗೀಜಗ ಒಂದು ಅರ್ಧ ಗೂಡಿನ ಮೇಲೆ ಕುಳಿತು ಎಳೆ ಹೆಣೆಯುತ್ತಿದ್ದ. ಸೂಜಿ ಎದುರಿನ ಪೊದೆಯಲ್ಲಿ ಕುಳಿತು ಕಣ್ಣು ಮಿಟುಕಿಸದೆ ನೋಡಿದಳು. ಎಳೆ ಎಲ್ಲಿ ಸುತ್ತಿದೆ, ಗಂಟು ಎಲ್ಲಿ ಬಿಗಿದಿದೆ, ಬಾಗಿಲ ಕೊಳವೆ ಎಷ್ಟು ಉದ್ದ, ಎಲ್ಲವನ್ನೂ ಮನಸ್ಸಿನಲ್ಲಿ ಬರೆದುಕೊಂಡಳು.

ಅಷ್ಟರಲ್ಲಿ ಅಜ್ಜನೇ ಕೂಗಿದ. "ಯಾರವ್ವ ಅದು? ಬೆಳಗಿನಿಂದ ನೋಡ್ತಾ ಇದ್ದೀಯ. ಗೂಡಿನ ಕೆಲಸ ಕಲಿಯೋಳೇನು? ಬಾ ಇಲ್ಲಿ, ಹತ್ರ ಬಾ. ಏನು ಬೇಕಾದ್ರೂ ಕೇಳು, ಹೇಳ್ತೀನಿ. ಕೇಳೋರು ಬಂದ್ರೆ ನನಗೂ ಹೊತ್ತು ಹೋಗುತ್ತೆ."

ಸೂಜಿಗೆ ಹತ್ತಿರ ಹೋಗಿಬಿಡಬೇಕು ಎನ್ನಿಸಿತು. ಕಾಲು ಕೊಂಬೆಯಿಂದ ಎದ್ದೂ ಎದ್ದಿತು. ಆದರೆ ಬಾಯಿಂದ ಬಂದದ್ದು ಬೇರೆಯೇ ಮಾತು.

"ಇಲ್ಲ ಅಜ್ಜಾ, ನೀರು ಕುಡಿಯೋಕೆ ಬಂದೆ."

"ಹೌದಾ? ಕುಡಿ ಕುಡಿ" ಎಂದ ಅಜ್ಜ. ಆಮೇಲೆ ಹೊಳೆಯಂಚಿಗೆ ಇಳಿದು, ಕೊಕ್ಕಿನ ತುಂಬ ಹಸಿ ಮಣ್ಣು ತೆಗೆದುಕೊಂಡು ಗೂಡಿನೊಳಗೆ ಹೋದ. ಹೊರಗೆ ಬಂದಾಗ ಕೊಕ್ಕು ಖಾಲಿ. ಮತ್ತೆ ಇಳಿದ, ಮತ್ತೆ ಮಣ್ಣು ಒಯ್ದ. ಅದು ಯಾಕೆ ಎಂದು ಸೂಜಿಗೆ ಹೊಳೆಯಲಿಲ್ಲ. ಕೇಳೋಣವೆಂದರೆ ಹೇಗೆ ಕೇಳುವುದು? ನೀರು ಕುಡಿಯಲು ಬಂದವಳಿಗೆ ಗೂಡಿನ ಮಣ್ಣಿನ ಗೊಡವೆ ಯಾಕೆ? ಹೇಳಿದ ಸುಳ್ಳು ಅವಳ ಬಾಯಿ ಕಟ್ಟಿತ್ತು. ಎರಡು ಗುಟುಕು ನೀರು ಕುಡಿದ ಹಾಗೆ ಮಾಡಿ ಹಾರಿಹೋದಳು.

ಹೊಂಗೆ ಮರದಲ್ಲಿ ಐದು ದಿನ ಕೆಲಸ ನಡೆಯಿತು. ಹೆಣೆದವಳು ಸೂಜಿ. ಪಕ್ಕದಲ್ಲಿ ನಿಂತು "ಹೂಂ, ಹೂಂ" ಎಂದವನು ಠೀವಯ್ಯ. ಗೂಡು ಮುಗಿದಾಗ ನೋಡಿದವರೆಲ್ಲ ಬೆರಗಾದರು. ಬೆಳವಕ್ಕನ ಮೈಗೆ ಸರಿಹೋಗಲೆಂದು ತುಸು ದೊಡ್ಡದಾಗಿ ಕಟ್ಟಿದ್ದು ಬಿಟ್ಟರೆ ಅದು ಈಚಲ ಮರದ ಗೂಡೇ. ಅದನ್ನು ನೋಡಿ ಇನ್ನೂ ಮೂವರು ತಾಯಂದಿರು ತಮಗೂ ಅಂಥದ್ದೇ ಬೇಕೆಂದರು. ಠೀವಯ್ಯ ಮೂವರಿಗೂ ಒಪ್ಪಿಕೊಂಡ.

ಸೂಜಿಯ ಮನಸ್ಸು ಮಾತ್ರ ತಡೆಯಲಿಲ್ಲ. "ಯಜಮಾನ್ರೇ, ಆ ಅಜ್ಜ ಗೂಡಿನೊಳಗೆ ಮಣ್ಣು ತಗೊಂಡು ಹೋಗ್ತಿದ್ರು."

"ಮುದುಕ. ಅರಳುಮರಳು. ಹೊರಗಿನಿಂದ ಮಣ್ಣು ಕಾಣುತ್ತಾ?"

"ಇಲ್ಲ."

"ಕಾಣದೇ ಇರೋದನ್ನ ಯಾರು ಕೇಳ್ತಾರೆ?"

"ಹಾಗಾದ್ರೆ ನಾಳೆ ನಾನು ಕೂತು ನೋಡಲಾ?"

ಗೂಡು ಕಟ್ಟುವವರಲ್ಲಿ ಹಳೆಯ ಕಟ್ಟಳೆ ಒಂದಿತ್ತು. ಗೂಡನ್ನು ತಾಯಿಗೆ ಒಪ್ಪಿಸುವ ಮೊದಲು ಕಟ್ಟಿದವರು ಅದರಲ್ಲಿ ಒಂದಿಡೀ ದಿನ ಕೂರಬೇಕು. ಗಾಳಿಯ ದಿನವೇ ಆಗಬೇಕು. ಗಾಳಿ ಇಲ್ಲದಿದ್ದರೆ ಬರುವ ತನಕ ಕಾಯಬೇಕು. ಅದಕ್ಕೆ 'ಕೂತು ನೋಡುವುದು' ಎನ್ನುತ್ತಿದ್ದರು.

"ಗಾಳಿ ಬರೋ ತನಕ ಕಾಯ್ತಾ ಕೂತರೆ ಉಳಿದ ಮೂರು ಗೂಡು ನಿಮ್ಮಪ್ಪ ಕಟ್ತಾನಾ?" ಎಂದ ಠೀವಯ್ಯ. ಕೂಡಲೇ ದನಿ ಇಳಿಸಿದ. "ನೋಡು ಸೂಜಿ, ಗರಿ ತೆಗೆದು ಇಟ್ಟಿದ್ದೀನಿ. ಹಠ ಮಾಡಬೇಡ."

ಸೂಜಿ ಹಠ ಮಾಡಲಿಲ್ಲ. ಮಾಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನನಗೂ ಇದನ್ನು ಹೇಳುವ ಸಂಕಟ ತಪ್ಪುತ್ತಿತ್ತು.

ಏಳನೆಯ ದಿನ ಬೆಳವಕ್ಕ ಗೂಡು ನೋಡಲು ಬಂದಳು. ಸುತ್ತ ಮೂರು ಸಲ ಹಾರಿದಳು. ಒಳಗೆ ಹೋಗಿ ಬಂದಳು. ಖುಷಿಗೆ ಅವಳ ಕುತ್ತಿಗೆಯ ಚುಕ್ಕೆಗಳೆಲ್ಲ ಉಬ್ಬಿದ್ದವು. ಠೀವಯ್ಯ ಬೇರೆಯವರ ಜೊತೆ ಮಾತಿನಲ್ಲಿದ್ದ. ಅವಳು ಸೂಜಿಯ ಪಕ್ಕ ಬಂದು ಮೆಲ್ಲಗೆ ಕೇಳಿದಳು.

"ಪುಟ್ಟೀ, ಕಟ್ಟಿದ್ದು ನೀನೇ ಅಂತ ಗೊತ್ತು. ನಿನ್ನನ್ನೇ ಕೇಳ್ತೀನಿ. ಕೂತು ನೋಡಿದ್ಯಾ?"

ಸೂಜಿ ಠೀವಯ್ಯನ ಕಡೆ ನೋಡಿದಳು. ಅವನ ಬಾಲದ ಕಡೆ ನೋಡಿದಳು.

"ಹೂಂ ಅಕ್ಕ. ನೋಡಿದೆ."

"ಹಾಗಾದ್ರೆ ನನಗೆ ಭಯ ಇಲ್ಲ" ಎಂದು ಬೆಳವಕ್ಕ ಅವಳ ತಲೆ ನೇವರಿಸಿದಳು.

ಮರುದಿನ ಬೆಳವಕ್ಕ ಎರಡು ಮೊಟ್ಟೆ ಇಟ್ಟಳು, ಬೆಳ್ಳಗೆ ಮುದ್ದಾದ ಎರಡು ಮೊಟ್ಟೆ. ಒಂಬತ್ತು ದಿನ ಕಾವು ಕೊಟ್ಟಳು. ಅಷ್ಟರಲ್ಲಿ ಕೈ ಪಳಗಿದ ಸೂಜಿ ಉಳಿದ ಮೂರು ಗೂಡನ್ನೂ ಬೇಗ ಬೇಗ ಕಟ್ಟಿ ಮುಗಿಸಿದಳು, ಆ ತಾಯಂದಿರೂ ಮೊಟ್ಟೆ ಇಟ್ಟರು. ಸೂಜಿ ಬೆಳವಕ್ಕನ ಕೊಂಬೆಯ ಬಳಿ ಹೋದಾಗಲೆಲ್ಲ ಒಳಗಿನಿಂದ ಸಣ್ಣ ದನಿಯಲ್ಲಿ ಹಾಡು ಕೇಳುತ್ತಿತ್ತು. ಅದು ಕೇಳಿಸಿದಾಗಲೆಲ್ಲ ಸೂಜಿ ಬೇಗ ಬೇಗ ರೆಕ್ಕೆ ಬಡಿದು ದೂರ ಹೋಗುತ್ತಿದ್ದಳು.

ಹತ್ತನೆಯ ದಿನ ಮಧ್ಯಾಹ್ನ ಮುಂಗಾರಿನ ಮೊದಲ ಗಾಳಿ ಎದ್ದಿತು. ಕಾಡಿನ ಎಲೆಗಳೆಲ್ಲ ಒಂದೇ ದಿಕ್ಕಿಗೆ ಬಾಗಿದವು. ಹೊಳೆ ದಡದಲ್ಲಿ ಗೀಜಗದ ಗೂಡುಗಳು ಅತ್ತಿತ್ತ ತೂಗಿದವು, ಅಷ್ಟೆ. ಬೆಳವಕ್ಕನ ಗೂಡು ಬುಗುರಿಯಂತೆ ತಿರುಗಿತು. ತಿರುಗುತ್ತಾ ತಿರುಗುತ್ತಾ ತಲೆಕೆಳಗಾಯಿತು. ಒಂದು ಮೊಟ್ಟೆ ಕೊಳವೆಯಿಂದ ಜಾರಿತು. ತಾಯಿ ಅದರ ಹಿಂದೆಯೇ ಹಾರಿದಳು. ಮೊಟ್ಟೆಯನ್ನು ಹಿಡಿಯಲು ಹಕ್ಕಿಗೆ ಕೈ ಎಲ್ಲಿದೆ? ಅವಳು ನೆಲ ಮುಟ್ಟುವಷ್ಟರಲ್ಲಿ ಎರಡನೆಯದೂ ಬಿದ್ದಿತ್ತು.

ಗಾಳಿ ನಿಂತ ಮೇಲೆ ಸೂಜಿ ಓಡೋಡಿ ಬಂದಳು. ಬೆಳವಕ್ಕ ಒಡೆದ ಚಿಪ್ಪುಗಳ ಪಕ್ಕ ಕುಳಿತಿದ್ದಳು. ಅವಳು ಅಳುತ್ತಿರಲಿಲ್ಲ. ಸೂಜಿಯನ್ನು ನೋಡಿ ಒಂದೇ ಮಾತು ಕೇಳಿದಳು.

"ಕೂತು ನೋಡಿದೆ ಅಂದಿದ್ಯಲ್ಲ ಪುಟ್ಟೀ?"

ಬೈದಿದ್ದರೆ ಚೆನ್ನಾಗಿತ್ತು. ಕುಕ್ಕಿದ್ದರೆ ಇನ್ನೂ ಚೆನ್ನಾಗಿತ್ತು. ಸೂಜಿಗೆ ನಿಂತಲ್ಲೇ ನೆಲ ಬಾಯಿಬಿಡಬಾರದೇ ಎನ್ನಿಸಿತು.

ಸುದ್ದಿ ಕಾಡಿಗೆಲ್ಲ ಹರಡಿತು. ಮರುದಿನ ಬೆಳಿಗ್ಗೆ ಹಕ್ಕಿಗಳೆಲ್ಲ ಹೊಂಗೆ ಮರದ ಬುಡದಲ್ಲಿ ಸೇರಿದವು. ನಾರಜ್ಜನೂ ಬಂದ. ತಲೆಕೆಳಗಾಗಿ ನೇತಾಡುತ್ತಿದ್ದ ಗೂಡನ್ನು ಹೊರಗಿನಿಂದ ನೋಡಿದ. ಒಳಗೆ ತಲೆ ಹಾಕಿ ನೋಡಿದ. ಹೊರಗೆ ಬಂದಾಗ ಅವನ ಕಣ್ಣು ತುಂಬಿತ್ತು.

"ಯಾರದಪ್ಪ ಈ ಗೂಡು?"

"ನನ್ನದೇ" ಎಂದ ಠೀವಯ್ಯ. "ನನ್ನ ಸ್ವಂತ ಕಲ್ಪನೆ. ಗಾಳಿ ಜೋರಾಗಿತ್ತು, ಯಾರೇನು ಮಾಡೋಕಾಗುತ್ತೆ?"

"ನಿನ್ನದೇ ಆದ್ರೆ ಇದರಲ್ಲಿ ಮಣ್ಣು ಎಲ್ಲಿ ಮೆತ್ತಬೇಕು, ಹೇಳು."

ಠೀವಯ್ಯ ಒಮ್ಮೆ ಗೂಡಿನ ತಳ ತೋರಿಸಿದ, ಒಮ್ಮೆ ಬಾಗಿಲು ತೋರಿಸಿದ.

"ಮೊಟ್ಟೆ ಇಡೋ ಜಾಗದ ಪಕ್ಕಕ್ಕೆ ಹಸಿ ಮಣ್ಣು ಮೆತ್ತಬೇಕು" ಎಂದ ಅಜ್ಜ. "ಆ ಭಾರಕ್ಕೇ ಗೂಡು ಗಾಳಿಯಲ್ಲಿ ತಿರುಗೋದಿಲ್ಲ. ನನ್ನನ್ನು ಕೇಳಿದ್ರೆ ಹೇಳ್ತಿದ್ದೆನಲ್ಲಪ್ಪಾ. ಎರಡು ಜೀವ ಉಳೀತಿತ್ತು."

ಠೀವಯ್ಯ ತಟ್ಟನೆ ಸೂಜಿಯ ಕಡೆ ಕೊಕ್ಕು ತಿರುಗಿಸಿದ. "ನನಗೇನು ಗೊತ್ತು? ಕಟ್ಟಿದ್ದೆಲ್ಲ ಇವಳು! ಕಲಿಯೋಕೆ ಬಂದವಳು, ಕೆಲಸ ಕೆಡಿಸಿದಳು!" ಹೊಗಳಿಕೆ ಬಂದಾಗ ತನ್ನದಾಗಿದ್ದ ಗೂಡು ಒಂದೇ ಗಳಿಗೆಯಲ್ಲಿ ಸೂಜಿಯದಾಯಿತು. ಅವನ ಹೆಸರೆತ್ತಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಇಷ್ಟು ಸಾಲದೆಂದು ಅವನು ಸೂಜಿಯ ಹತ್ತಿರ ಸರಿದು ಪಿಸುಗುಟ್ಟಿದ. "ತಪ್ಪಾಯ್ತು ಅಂತಷ್ಟೇ ಹೇಳಿ ಸುಮ್ಮನಾಗು. ಈಗಲೇ ಗರಿ ಕೊಡ್ತೀನಿ."

ಸೂಜಿ ಅವನಿಂದ ದೂರ ಸರಿದು ಎಲ್ಲರ ನಡುವೆ ನಿಂತಳು.

"ಗೂಡು ಕಟ್ಟಿದ್ದು ನಾನೇ" ಎಂದಳು. "ಅಜ್ಜನ ಗೂಡನ್ನ ಕದ್ದು ನೋಡಿದೆ. ಅವರೇ ಕರೆದು ಹೇಳಿಕೊಡ್ತೀನಿ ಅಂದಾಗ ನೀರು ಕುಡಿಯೋಕೆ ಬಂದೆ ಅಂದೆ. ಕೂತು ನೋಡಲಿಲ್ಲ. ಬೆಳವಕ್ಕ ಕೇಳಿದಾಗ ನೋಡಿದೆ ಅಂದೆ. ಇವರು ಕದಿಯೋಕೆ ಕಳಿಸಿದ್ದು ನಿಜ. ಆದರೆ ಆ ಸುಳ್ಳನ್ನ ಅಕ್ಕನ ಮುಖ ನೋಡಿ ಹೇಳಿದ್ದು ನಾನು." ಆಮೇಲೆ ಒಂದೇ ಉಸಿರಿಗೆ ಕೂಗಿದಳು. "ಇನ್ನೂ ಮೂರು ಗೂಡು ಹೀಗೇ ಇವೆ, ನಿನ್ನೆ ದಟ್ಟ ಎಲೆಗಳ ಮರೆಯಲ್ಲಿದ್ದು ಹೇಗೋ ಉಳಿದವು! ಒಳಗೆ ಮೊಟ್ಟೆ ಇವೆ. ಗಾಳಿ ಮತ್ತೆ ಏಳೋ ಮೊದಲು ಮಣ್ಣು ಮೆತ್ತಬೇಕು!"

ಬೈಯಲು ಬಂದವರೂ ಬೈಯುವುದನ್ನು ಮರೆತು ಹೊಳೆಯ ಕಡೆ ಹಾರಿದರು. ನಾರಜ್ಜ ಒಂದೊಂದು ಗೂಡಿನಲ್ಲೂ ಕೂತು ಜಾಗ ತೋರಿಸಿದ. ಸೂಜಿ ಕೊಕ್ಕು ಸವೆಯುವಷ್ಟು ಮಣ್ಣು ಹೊತ್ತಳು. ಸಂಜೆಗೆ ಮತ್ತೆ ಗಾಳಿ ಬಂತು. ಮೂರು ಗೂಡುಗಳೂ ತೂಗಿದವು. ಒಂದೂ ತಿರುಗಲಿಲ್ಲ.

ಅಂದಿನಿಂದ ಹೊಂಗೆ ಮರದ ಕಡೆ ಯಾರೂ ತಲೆ ಹಾಕಲಿಲ್ಲ. ಠೀವಯ್ಯ ಬೇರೆ ಕಾಡಿಗೆ ಹೋಗಿ ಅಂಗಡಿ ಇಡಲು ನೋಡಿದ. ಹಕ್ಕಿಗಳ ಲೋಕದಲ್ಲಿ ಸುದ್ದಿಗೂ ರೆಕ್ಕೆ ಇರುತ್ತದೆ. ಅವನಿಗಿಂತ ಮೊದಲೇ ಅದು ಅಲ್ಲಿಗೆ ತಲುಪಿತ್ತು. ಎಲ್ಲಿ ಹೋದರೂ "ಮಣ್ಣು ಎಲ್ಲಿ ಮೆತ್ತಬೇಕು, ಹೇಳು" ಎಂದು ಮರಿಗಳು ಸಹ ಅವನನ್ನು ಕೇಳುತ್ತಿದ್ದವು.

ಸೂಜಿ ಗರಿಯಿಲ್ಲದೆ ಶಾಲೆಗೆ ಮರಳಿದಳು. ಮೇಷ್ಟರು ಅವಳ ಮಾತನ್ನೆಲ್ಲ ಕೇಳಿ, ಮೊದಲಿನಿಂದ ಕಲಿಯಬೇಕು ಎಂದರು. ಅವಳು ನಾರಜ್ಜನ ಬಳಿ ಹೋಗಿ ಈ ಸಲ ಬಾಯಿಬಿಟ್ಟು ಕೇಳಿದಳು. ಒಂದು ವರ್ಷ ಅಜ್ಜ ಅವಳ ಕೈಯಲ್ಲಿ ಮಣ್ಣು ಹೊರಿಸಿದ. ಮುಂದಿನ ಮುಂಗಾರಿಗೆ ಅವಳು ತಾನೇ ಒಂದು ಗೂಡು ಕಟ್ಟಿದಳು. ಗಾಳಿಯಲ್ಲಿ ಒಂದು ದಿನವಲ್ಲ, ಮೂರು ದಿನ ಕೂತು ನೋಡಿದಳು. ಆಮೇಲೆ ಬೆಳವಕ್ಕನನ್ನು ಹುಡುಕಿಕೊಂಡು ಹೋದಳು.

ಬೆಳವಕ್ಕ ಒಂದು ಜಾಲಿ ಮರದಲ್ಲಿ ಒಣಕಡ್ಡಿ ಜೋಡಿಸುತ್ತಿದ್ದಳು.

"ಅಕ್ಕಾ, ನಿನಗೋಸ್ಕರ ಒಂದು ಗೂಡು ಕಟ್ಟಿದ್ದೀನಿ. ಈ ಸಲ ನಿಜವಾಗ್ಲೂ ಕೂತು ನೋಡಿದ್ದೀನಿ."

ಬೆಳವಕ್ಕ ಕೊಕ್ಕಿನಲ್ಲಿದ್ದ ಕಡ್ಡಿಯನ್ನು ಗೂಡಿನ ಮೇಲಿಟ್ಟಳು.

"ನೀನು ಈಗ ನಿಜ ಹೇಳ್ತಾ ಇದ್ದೀಯ ಅಂತ ಗೊತ್ತು ಪುಟ್ಟೀ. ನಿನ್ನ ಮೇಲೆ ನನಗೆ ಸಿಟ್ಟೂ ಇಲ್ಲ. ಆದರೆ ಆ ಗೂಡಿನೊಳಗೆ ನನಗೆ ನಿದ್ದೆ ಬರಲ್ಲ. ಗಾಳಿ ಬಂದಾಗಲೆಲ್ಲ ನಿನ್ನ ಮಾತೇ ನೆನಪಾಗುತ್ತೆ. ಅದನ್ನ ಬೇರೆ ಯಾರಿಗಾದ್ರೂ ಕೊಡು."

ಹೀಗೆಂದು ಅವಳು ಇನ್ನೊಂದು ಕಡ್ಡಿ ತರಲು ಹಾರಿದಳು. ಸೂಜಿ ಆ ಗೂಡನ್ನು ಬೇರೊಬ್ಬ ತಾಯಿಗೆ ಕೊಟ್ಟಳು. ಅದರಲ್ಲಿ ಮೂರು ಮರಿಗಳು ಬೆಳೆದು ಹಾರಿಹೋದವು. ಅವು ಹಾರಿದ ದಿನ ಸೂಜಿ ಒಬ್ಬಳೇ ಹೊಳೆ ದಡದಲ್ಲಿ ಕೂತು ಅತ್ತಳು.

ನೀತಿ: ಇನ್ನೊಬ್ಬರ ಕೆಲಸವನ್ನು ಕದ್ದರೆ ಕಣ್ಣಿಗೆ ಕಂಡಷ್ಟೇ ಸಿಗುತ್ತದೆ, ಕೇಳಿ ಕಲಿತರೆ ಕಾಣದ್ದೂ ಸಿಗುತ್ತದೆ. ನಮ್ಮ ಕೆಲಸವನ್ನು ನಂಬಿ ಬಂದವರಿಗೆ ಸುಳ್ಳು ಹೇಳಬಾರದು. ಕೆಟ್ಟ ಕೆಲಸವನ್ನು ಮತ್ತೆ ಸರಿಯಾಗಿ ಮಾಡಬಹುದು, ಆದರೆ ಕಳೆದುಕೊಂಡ ನಂಬಿಕೆಯನ್ನು ಮತ್ತೆ ಕಟ್ಟಲು ಎಲ್ಲ ಸಲವೂ ಆಗುವುದಿಲ್ಲ.