ಗೋಡೆಯ ಮೇಲೆ ಸತ್ತವನು

"ಗುರುಗಳೇ, ಯಾರೂ ಹೊರಗುಳಿಯದಂಥ ಕೋಷ್ಟಕವನ್ನು ಕಟ್ಟುವುದು ಹೇಗೆ?" ಎಂದು ಹಾಲೇಶ ಕೇಳಿದನು.

ಹಾಲೇಶ ಮಠದಲ್ಲಿದ್ದು ಓದುತ್ತಿದ್ದ ಶಿಷ್ಯ. ಸುತ್ತಲಿನ ಊರುಗಳ ಹಸಿದವರಿಗೆ ಧಾನ್ಯ ಹಂಚಬೇಕೆಂದು ಮಠ ತೀರ್ಮಾನಿಸಿತ್ತು. ಯಾರಿಗೆ ಎಷ್ಟು ಸಲ್ಲಬೇಕು ಎಂಬ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಜೋಡಿಸುವ ಕೆಲಸ ಅವನದು. ಮನೆಗೊಂದು ಸಂಖ್ಯೆ, ಮನೆಗೊಬ್ಬ ಯಜಮಾನ, ಯಜಮಾನನ ಹೆಸರಿನಡಿ ಉಳಿದವರು. ಹೀಗೆ ಅವನು ಕೋಷ್ಟಕಗಳನ್ನು ಕಟ್ಟಿದ್ದನು. ಆದರೆ ಕೆಲವರ ವಿವರ ತುಂಬಿಸಿದರೆ ಕಂಪ್ಯೂಟರ್ ಒಪ್ಪುತ್ತಿರಲಿಲ್ಲ.

"ಯಾರನ್ನು ಒಪ್ಪುತ್ತಿಲ್ಲ?" ಎಂದು ಗುರು ಕೇಳಿದರು.

"ಯಜಮಾನನ ಖಾನೆಯನ್ನು ಖಾಲಿ ಬಿಟ್ಟವರನ್ನು. ಎಷ್ಟು ಕೇಳಿದರೂ ಸರಿಯಾಗಿ ಹೇಳುವುದಿಲ್ಲ, ಗುರುಗಳೇ. ತಪ್ಪು ಅವರದೇ."

"ಕೂತುಕೋ" ಎಂದರು ಗುರು. ಅವನು ಕೂತ ಮೇಲೆ ಈ ಕತೆ ಹೇಳಿದರು.

ಒಂದು ನೇಕಾರರ ಊರು. ಅಲ್ಲಿ ನೆಲದಲ್ಲಿ ಗುಂಡಿ ತೋಡಿ ಮಗ್ಗ ಹೂಡುತ್ತಿದ್ದರು. ಮಳೆಗಾಲದಲ್ಲಿ ಗುಂಡಿಯೊಳಗೆ ನೀರು ಒಸರುತ್ತಿತ್ತು, ಮಗ್ಗ ನಿಲ್ಲುತ್ತಿತ್ತು. ಮಗ್ಗ ನಿಂತರೆ ಒಲೆಯೂ ನಿಲ್ಲುತ್ತಿತ್ತು. ಅದಕ್ಕಾಗಿ ಊರವರು ಸುಗ್ಗಿಯಲ್ಲಿ ಒಂದು ಕಣಜ ತುಂಬಿಸಿಡುತ್ತಿದ್ದರು. ಮಳೆಗಾಲದಲ್ಲಿ ಹಸಿದು ಬಂದವರಿಗೆ ರಾಗಿ ಅಳೆದು ಕೊಡುತ್ತಿದ್ದರು.

ಒಂದು ವರ್ಷ ಒಬ್ಬನು ಬೆಳಿಗ್ಗೆ ರುಮಾಲು ಸುತ್ತಿಕೊಂಡು ಬಂದು ರಾಗಿ ಒಯ್ದನು. ಸಂಜೆ ಬರಿದಲೆಯಲ್ಲಿ ಬಂದು ಮತ್ತೆ ಒಯ್ದನು. ಅವನೊಬ್ಬನನ್ನು ತಡೆಯಲು ಇಡೀ ಊರನ್ನು ಗೋಡೆಗೆ ನೇತುಹಾಕಿದರು.

ಕಣಜದ ಪಾರುಪತ್ಯಗಾರ ಬಡಗಿಯನ್ನು ಕರೆಸಿದನು. ಬಡಗಿ ಗೋಡೆಗೆ ಗೂಟಗಳನ್ನು ಹೊಡೆದನು. ಮನೆಗೊಂದು ಗೂಟ. ಗೂಟಕ್ಕೆ ಯಜಮಾನನ ಗುರುತಿದ್ದ ಮರದ ಬಿಲ್ಲೆ. ಆ ಬಿಲ್ಲೆಗೆ ದಾರ ಕಟ್ಟಿ ಕೆಳಗೆ ಹೆಂಡತಿಯ ಬಿಲ್ಲೆ, ಅದರ ಕೆಳಗೆ ಮಕ್ಕಳದು. ಯಜಮಾನ ಬಂದು ನಿಂತರೆ ಬಿಲ್ಲೆಗಳನ್ನು ಎಣಿಸಿ ರಾಗಿ ಅಳೆಯುವುದು; ದೊಡ್ಡವರಿಗೆ ಪೂರ್ತಿ ಅಳತೆ, ಮಕ್ಕಳಿಗೆ ಅರ್ಧ. ಯಜಮಾನ ಸತ್ತರೆ ಅವನ ಬಿಲ್ಲೆಯನ್ನು ಒಲೆಗೆ ಹಾಕಿ ಹೆಂಡತಿಯ ಬಿಲ್ಲೆಯನ್ನು ಗೂಟಕ್ಕೆ ಏರಿಸುವುದು. ವಿಧವೆಯ ಕೆಳಗೆ ಮಕ್ಕಳು ಮಾತ್ರ. ನೋಡಲು ಚೊಕ್ಕವಾಗಿತ್ತು. ಪಕ್ಕದ ಊರಿನವರೂ ಬಂದು ಹೊಗಳಿ ಹೋದರು.

ಬಡಗಿ ಯಾರನ್ನು ಕೇಳಿ ಗೂಟ ಹೊಡೆದನು? ಪಾರುಪತ್ಯಗಾರನನ್ನು. ಪಾರುಪತ್ಯಗಾರ ಯಾರನ್ನು ನೆನೆದು ಹೇಳಿದನು? ತನ್ನ ಮನೆಯನ್ನು. ಅವನ ಮನೆಯಲ್ಲಿ ಯಜಮಾನನಿದ್ದನು, ಹೆಂಡತಿಯಿದ್ದಳು, ಮಕ್ಕಳಿದ್ದರು. ಊರೆಲ್ಲ ಹಾಗೇ ಇದೆ ಎಂದುಕೊಂಡನು. ಕಣಜದ ಬಾಗಿಲಲ್ಲಿ ನಿಲ್ಲುವವರನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಆ ಊರಿನ ಒಬ್ಬ ನೇಕಾರ ಸೀರೆಗಳ ಗಂಟು ಹೊತ್ತು ಮಾರಲು ಹೋದವನು, ಮಳೆ ಶುರುವಾದರೂ ಮರಳಲಿಲ್ಲ. ಮನೆಯಲ್ಲಿ ಹೆಂಡತಿ ಮತ್ತು ಸಣ್ಣ ಮಕ್ಕಳಿದ್ದರು. ಹಿಟ್ಟಿನ ಮಡಕೆ ಬರಿದಾದಾಗ ಅವಳು ಕಣಜಕ್ಕೆ ಹೋದಳು.

"ಯಜಮಾನ ಎಲ್ಲಿ?" ಎಂದನು ಪಾರುಪತ್ಯಗಾರ.

"ಸೀರೆ ಮಾರಲು ಹೋದವರು ಇನ್ನೂ ಬಂದಿಲ್ಲ, ಸ್ವಾಮಿ."

"ಬಂದ ಮೇಲೆ ಕರೆದುಕೊಂಡು ಬಾ."

"ಮಕ್ಕಳು ನಿನ್ನೆಯಿಂದ ಉಂಡಿಲ್ಲ. ನೀರು ಕುಡಿಸಿ ಮಲಗಿಸಿದ್ದೇನೆ."

"ನೋಡಮ್ಮ, ನನಗೇನು ನಿನ್ನ ಮೇಲೆ ಹಗೆಯೇ? ನಿನ್ನ ಬಿಲ್ಲೆ ಅವನ ಬಿಲ್ಲೆಗೆ ಜೋತಿದೆ. ಅವನಿಲ್ಲದೆ ನಿನಗೆ ಹೇಗೆ ಕೊಡಲಿ? ಗಂಡನನ್ನು ಕರೆದುಕೊಂಡು ಬಾ, ಇಲ್ಲ ಅವನ ಹೆಣ ತೋರಿಸು. ಎರಡೂ ಅಲ್ಲದ್ದಕ್ಕೆ ಇಲ್ಲಿ ಗೂಟವಿಲ್ಲ."

ಸಾಲಿನಲ್ಲಿದ್ದ ಮುದುಕಿಯೊಬ್ಬಳು, "ಅವಳ ಮುಖ ನೋಡಯ್ಯ, ಗೋಡೆಯನ್ನು ಏನು ನೋಡುತ್ತೀ" ಎಂದಳು.

"ಮುಖ ನೋಡಿ ಕೊಟ್ಟಿದ್ದಕ್ಕೇ ರುಮಾಲಿನವನು ಎರಡು ಸಲ ತಿಂದದ್ದು, ಅಜ್ಜಿ" ಎಂದನು ಪಾರುಪತ್ಯಗಾರ. ಕೆಲವರು ನಕ್ಕರು.

ನೆರೆಯವರು ತಮ್ಮ ಪಾಲಿನಲ್ಲಿ ಅವಳಿಗೆ ಒಂದೊಂದು ಹಿಡಿ ಕೊಟ್ಟರು. ಅವರ ಪಾಲೇ ಹಿಡಿಯಷ್ಟಿತ್ತು. ಅವಳು ಮತ್ತೆ ಮತ್ತೆ ಕಣಜಕ್ಕೆ ಹೋದಳು. ಮತ್ತೆ ಮತ್ತೆ ಅದೇ ಉತ್ತರ ಬಂತು. ಕಿರಿಯ ಮಗುವಿಗೆ ಅಳುವ ಶಕ್ತಿಯೂ ಹೋದಾಗ ಅವಳು ಒಂದು ನಿಶ್ಚಯಕ್ಕೆ ಬಂದಳು.

ಆ ಊರಿನಲ್ಲಿ ಒಂದು ರೂಢಿಯಿತ್ತು. ದೂರದಲ್ಲಿ ಸತ್ತು ಹೆಣ ಸಿಗದವನಿಗೆ ಹುಲ್ಲಿನ ಬೊಂಬೆ ಮಾಡಿ ಸುಡುತ್ತಿದ್ದರು. ಅವಳು ಹುಲ್ಲು ತಂದಳು. ಬೊಂಬೆ ಕಟ್ಟಿದಳು. ಗಂಡನ ಪಂಚೆಯನ್ನು ಅದಕ್ಕೆ ಉಡಿಸಿದಳು. ಗಂಡ ಸತ್ತ ಸುದ್ದಿ ಬಂತು ಎಂದು ಊರವರಿಗೆ ಹೇಳಿದಳು. ಸುದ್ದಿ ತಂದವರು ಯಾರು ಎಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಅರ್ಥವಾಗಿತ್ತು. ಬಂದು ಬೊಂಬೆಗೆ ಹೆಗಲು ಕೊಟ್ಟರು. ಮಳೆಗೆ ನೆನೆದ ಹುಲ್ಲು ಬೇಗ ಹತ್ತಿಕೊಳ್ಳಲಿಲ್ಲ. ಹತ್ತಿಕೊಂಡ ಮೇಲೆ, ಬದುಕಿದ್ದಾನೆಂದು ತಾನು ನಂಬಿದ್ದ ಗಂಡನಿಗಾಗಿ ಅವಳು ಬಳೆ ಒಡೆದುಕೊಂಡಳು, ಕುಂಕುಮ ಒರೆಸಿಕೊಂಡಳು, ತಾಳಿ ಬಿಚ್ಚಿದಳು.

ಪಾರುಪತ್ಯಗಾರ ಅವಳ ಬರಿ ಹಣೆಯನ್ನು ನೋಡಿದನು. ಗಂಡನ ಬಿಲ್ಲೆಯನ್ನು ಒಲೆಗೆ ಹಾಕಿ, ಅವಳ ಬಿಲ್ಲೆಯನ್ನು ಗೂಟಕ್ಕೆ ಏರಿಸಿದನು.

"ಇದನ್ನು ಮೊದಲೇ ಮಾಡಿದ್ದರೆ ಇಷ್ಟು ಅಲೆಯುವುದು ತಪ್ಪುತ್ತಿತ್ತಲ್ಲಮ್ಮ" ಎಂದು ಮರುಗಿ ರಾಗಿ ಅಳೆದನು. ಮಕ್ಕಳು ಉಂಡರು.

ಮಳೆ ಮುಗಿಯುವ ಮೊದಲೇ ಗಂಡ ಬಂದನು. ದಾರಿಯಲ್ಲಿ ಕಾಲು ಮುರಿದುಕೊಂಡು ಯಾರದೋ ಜಗಲಿಯ ಮೇಲೆ ಇಷ್ಟು ದಿನ ಬಿದ್ದಿದ್ದನಂತೆ. ಹೆಂಡತಿಯ ಹಣೆ ನೋಡಿ ಗಾಬರಿಯಾಗಿ, "ಏನಿದು? ಯಾರು ಸತ್ತರು?" ಎಂದು ಕೇಳಿದನು.

"ನೀವೇ" ಎಂದು ಅವಳು ಅತ್ತಳು.

ಅವನು ಕೋಲೂರಿಕೊಂಡು ಕಣಜಕ್ಕೆ ಹೋದನು. "ಸ್ವಾಮಿ, ನಾನು ಬದುಕಿದ್ದೇನೆ."

"ಕಾಣುತ್ತಿದೆಯಲ್ಲ. ಬಹಳ ಸಂತೋಷ. ಆದರೆ ನಿನ್ನ ಬಿಲ್ಲೆ ಸುಟ್ಟುಹೋಗಿದೆ. ಸತ್ತವನು ಎದ್ದು ಬಂದರೆ ಏನು ಮಾಡಬೇಕೆಂದು ಬಡಗಿ ಹೇಳಿಲ್ಲ."

"ಹೊಸದೊಂದು ಮಾಡಿಸಿ."

"ಮಾಡಿಸಿ ಎಲ್ಲಿ ಹಾಕಲಿ? ಗೂಟ ಈಗ ವಿಧವೆಯದು. ವಿಧವೆಯ ಕೆಳಗೆ ಗಂಡ ಬರುವಂತಿಲ್ಲ." ಪಾರುಪತ್ಯಗಾರ ಗೋಡೆಯನ್ನೇ ನೋಡುತ್ತ ಯೋಚಿಸಿದನು. ಅವನೇನೂ ಕೆಟ್ಟವನಲ್ಲ. "ಒಂದು ದಾರಿಯಿದೆ. ನಿನ್ನನ್ನು ಅವಳ ಮಗ ಎಂದು ಹಾಕುತ್ತೇನೆ. ಆಗಬಹುದೇ?"

ನೇಕಾರನಿಗೆ ಹಸಿವಾಗಿತ್ತು. "ಆಗಲಿ ಸ್ವಾಮಿ" ಎಂದನು. ಪಾರುಪತ್ಯಗಾರ ಅವನಿಗೆ ಅರ್ಧ ಅಳತೆ ರಾಗಿ ಅಳೆದನು.

ಉಳಿದ ಮಳೆಗಾಲವೆಲ್ಲ ಅವನು ತನ್ನ ಹೆಂಡತಿಯ ಮಗನಾಗಿ ಉಂಡನು. ಗೋಡೆಯ ಮೇಲೆ ಒಂದು ತಪ್ಪೂ ಇರಲಿಲ್ಲ.

ಗುರು ನಿಲ್ಲಿಸಿದರು. ಹಾಲೇಶ ನಕ್ಕನು. ಗುರು ನಗಲಿಲ್ಲ.

"ಬಡಗಿಯ ತಪ್ಪು ತಿಳಿಯಿತು, ಗುರುಗಳೇ" ಎಂದನು ಹಾಲೇಶ. "ಕಾಣೆಯಾದವರಿಗೆ ಒಂದು ಗೂಟ ಬಿಡಬೇಕಿತ್ತು. ನಾನೂ ಒಂದು ಖಾನೆ ಸೇರಿಸುತ್ತೇನೆ. ಇವತ್ತೇ ಮುಗಿಯುವ ಕೆಲಸ."

"ಆ ಬಡಗಿಯೂ ಸೇರಿಸಿದನು. ಮರುವರ್ಷ ಬಂದವಳಿಗೆ ಗಂಡ ಮನೆಯಲ್ಲೇ ಇದ್ದನು. ಅವನು ರಾಗಿ ತೆಗೆದುಕೊಂಡು ಹೋಗಿ ಹೆಂಡದಂಗಡಿಗೆ ಸುರಿದು ಬರುತ್ತಿದ್ದನು. ಗೋಡೆಯ ಪ್ರಕಾರ ಅವಳು ಉಂಡಿದ್ದಳು. ಮೊದಲು ಅವಳನ್ನೇ ಬೈದು ಅಟ್ಟಿ, ಆಮೇಲೆ ಅವಳಿಗೊಂದು ಗೂಟ ಹೊಡೆದರು. ಆಮೇಲೆ ಮದುವೆಯಾಗದೆ ಒಟ್ಟಿಗೆ ಬದುಕುತ್ತಿದ್ದ ಅಕ್ಕತಂಗಿಯರು ಬಂದರು. ಅವರಲ್ಲಿ ಯಾರು ಯಾರಿಗೆ ಜೋತುಬೀಳಬೇಕು? ಆಮೇಲೆ ಮಗುವಿನ ಅಪ್ಪ ಯಾರೆಂದು ಹೇಳದವಳು ಬಂದಳು. ಆ ಗೋಡೆ ತುಂಬಿತು, ಇನ್ನೊಂದು ಕಟ್ಟಿದರು. ಪ್ರತಿ ಹೊಸ ಗೂಟಕ್ಕೂ ಮೊದಲು ಒಬ್ಬರು ಬಾಗಿಲಲ್ಲಿ ನಿಂತು, ನಿನ್ನದೇ ತಪ್ಪು ಎನ್ನಿಸಿಕೊಂಡು, ಬರಿಗೈಯಲ್ಲಿ ಹೋಗಬೇಕಿತ್ತು. ಬಡಗಿ ಒಂದು ದಿನವೂ ಆ ಸಾಲಿನಲ್ಲಿ ನಿಂತವನಲ್ಲ."

ಹಾಲೇಶನ ಮುಖ ಕೆಂಪಾಯಿತು. "ಹಾಗಾದರೆ ಗೋಡೆಯೇ ಬೇಡವೆನ್ನುತ್ತೀರಾ? ಲೆಕ್ಕವಿಲ್ಲದೆ ಸುರಿದರೆ ಕಣಜ ಎಷ್ಟು ದಿನ ಬರುತ್ತದೆ? ಯಾರು ಯಾರ ಗಂಡ, ಯಾರು ಯಾರ ಮಗ ಎಂಬುದೇ ತಿಳಿಯದೆ ಹಂಚುವುದು ಹೇಗೆ?"

"ಗೋಡೆ ಇರಲಿ, ಹಾಲೇಶ" ಎಂದರು ಗುರು. "ಅದರಲ್ಲಿ ಹಸಿವಿಗೆಂದು ಹೊಡೆದ ಗೂಟ ಯಾವುದು, ತೋರಿಸು."

ಹಾಲೇಶ ಬೆರಳು ಮಡಿಸುತ್ತ ತನ್ನ ಖಾನೆಗಳನ್ನು ಎಣಿಸಿದನು: ಮನೆಯ ಸಂಖ್ಯೆ, ಯಜಮಾನ, ಉಳಿದವರು.